ಗಣಿಯ ಮ್ಯಾನೇಜರನು ಯಾರ ಆಳು?
(ಅಂಕೋಲೆಯ ಕಾರ್ಮಿಕರು ಮತ್ತು ಚಿಕ್ಕ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ತಾಲೂಕಿನಲ್ಲಿ ಕಬ್ಬಿಣದ ಗಣಿಯಿಲ್ಲ; ಗಣಿಯ ಮಾತು ನಮಗೇಕೆಂದು ಕೆಲವರು ಕೇಳಿದರು. ಅರೆಬೈಲ ಘಟ್ಟವಿಳಿದು ಬೇಲೇಕೇರಿಗೆ ಬಂದ ಲಾರಿಗಳ ಕೆಂಪು ಧೂಳನ್ನು ಇಷ್ಟು ಬೇಗ ಮರೆತಿರಾ? ಬೇಲೇಕೇರಿಯಲ್ಲಿ 2010ರಲ್ಲಿ ಜಪ್ತಾದ ಲಕ್ಷಗಟ್ಟಲೆ ಟನ್ ಅದಿರು ಬಂದರದಿಂದಲೇ ಮಾಯವಾಯಿತು. ಆ ಅದಿರನ್ನು ಅಗೆಸಿದ ಗಣಿಗಳಿಗೂ ಮ್ಯಾನೇಜರು ಇರಲೇಬೇಕಿತ್ತು.

ಕಾಯ್ದೆ ಕುರುಡಾಗಿರಲಿಲ್ಲ. ಪ್ರತಿ ಗಣಿಗೂ ಅರ್ಹತೆಯುಳ್ಳ ಒಬ್ಬ ಮ್ಯಾನೇಜರನಿರಬೇಕು, ಆಡಳಿತ, ಶಿಸ್ತುಗಳಿಗೆ ಅವನೇ ಹೊಣೆ ಎಂದು 1952ರ ಗಣಿ ಕಾಯ್ದೆ ವಿಧಿಸಿತು. 1961ರ ನಿಯಮಗಳು ಒಂದನೆಯ, ಎರಡನೆಯ ವರ್ಗದ ಸರ್ಟಿಫಿಕೇಟುಗಳನ್ನಿಟ್ಟವು. ಬರೇ ಪುಸ್ತಕ ಓದಿದರೆ ಸಾಲದು. ಗಣಿಯಲ್ಲಿ ವರ್ಷಗಟ್ಟಲೆ ದುಡಿದ ಅನುಭವ ಬೇಕು, ಪ್ರಥಮ ಚಿಕಿತ್ಸೆಯೂ ಬರಬೇಕು. ಮೇಟ್, ಬ್ಲಾಸ್ಟರ್, ಫೋರಮನ್ನರಿಗೂ ಪರೀಕ್ಷೆಯುಂಟು. ಒಳ್ಳೆಯ ಏಣಿಯೇ ಸರಿ.

ಆದರೆ ಏಣಿಯ ತುದಿಯಲ್ಲಿ ಕುಳಿತವನಿಗೆ ಪಗಾರ ಕೊಡುವವನು ಧಣಿ. ಬಂಡೆ ಸಡಿಲಾಗಿದೆ, ಕೆಲಸ ನಿಲ್ಲಿಸಿ ಎನ್ನುವುದು ಮ್ಯಾನೇಜರನ ಧರ್ಮ; ಹಡಗು ಕಾದಿದೆ, ಅಗೆಯಿರಿ ಎನ್ನುವುದು ಧಣಿಯ ಹುಕುಂ. ಬಳ್ಳಾರಿಯಲ್ಲಿ ಇನ್ನೂ ವಿಚಿತ್ರ: ಲೀಸು ಒಬ್ಬನದು, ಅಗೆಯುವ ಗುತ್ತಿಗೆ ಇನ್ನೊಬ್ಬನದು. ಲೋಕಾಯುಕ್ತರ ವರದಿಗಳು ಇದನ್ನು ಬಯಲಿಗೆಳೆದವು. ಅಂಥಲ್ಲಿ ಸರ್ಟಿಫಿಕೇಟಿನವನು ಯಾರ ಮಾತು ಕೇಳಬೇಕು?

ಕೋಲಾರದ ಚಿನ್ನದ ಗಣಿಯನ್ನು ನೋಡಿ. 1880ರಿಂದ ಜಾನ್ ಟೇಲರ್ ಕಂಪನಿಯ ಆಡಳಿತ. ಮೇಲಿನ ಹುದ್ದೆಗಳಲ್ಲಿ ಬಿಳಿಯರು, ಮೇಲ್ವಿಚಾರಣೆಗೆ ಕಾರ್ನ್‌ವಾಲಿನವರು, ಇಟಲಿಯವರು. ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆ ಸಿಡಿದಾಗ ಸತ್ತವರು ಬಹುತೇಕ ನಮ್ಮ ಕೂಲಿಗಳು. ಬಂಡೆಯ ಸಪ್ಪಳ ಕಿವಿಯಲ್ಲಿದ್ದವನಿಗೆ ಕುರ್ಚಿಯಿರಲಿಲ್ಲ! 1956ರಲ್ಲಿ ಗಣಿ ಸರಕಾರದ ಕೈಗೆ ಬಂತು, 2001ರಲ್ಲಿ ಮುಚ್ಚಿತು. ಧಣಿ ಬದಲಾದ ಮಾತ್ರಕ್ಕೆ ಎಲ್ಲ ಸರಿಯಾಗುತ್ತದೆಂದು ನಾನು ಹೇಳುವವನಲ್ಲ.

ನಮ್ಮ ಬೇಡಿಕೆ ಇಷ್ಟೇ. ಸುರಕ್ಷತೆಗಾಗಿ ಕೆಲಸ ನಿಲ್ಲಿಸಿದ ಮ್ಯಾನೇಜರನನ್ನು ತೆಗೆಯುವುದಾದರೆ ಧಣಿಯು ಗಣಿ ಸುರಕ್ಷಾ ಇಲಾಖೆಯ ಮುಂದೆ ಕಾರಣ ಬರೆದುಕೊಡಲಿ, ಇಲಾಖೆ ಒಪ್ಪುವ ತನಕ ಪಗಾರ ನಡೆಯಲಿ. ಚುರುಕಾದ ಮೇಟ್‌ಗೆ ಪಗಾರ ಸಹಿತ ರಜೆ ಕೊಟ್ಟು ಡಿಪ್ಲೊಮಾ ಓದಿಸಲಿ. ಖರ್ಚು ಎಲ್ಲಿಂದ ಎನ್ನುತ್ತೀರಾ? ಅದಿರಿನ ಪ್ರತಿ ಲಾರಿಗೂ ತೂಕದ ಚೀಟಿಯುಂಟು. ಟನ್ನಿಗಿಷ್ಟೆಂದು ಅದರ ಮೇಲೆಯೇ ವಸೂಲಾಗಲಿ. ಠರಾವಿನ ಕಾಗದ ಮೇಜಿನ ಮೇಲಿದೆ. ಗ್ಯಾರೇಜಿನವರು, ಚಹದಂಗಡಿಯವರು ಮೊದಲು ಬಂದು ಸಹಿ ಮಾಡಿರಿ.