ದೊಡ್ಡಪ್ಪನೂ ಅಪ್ಪನೇ



ಕ್ರಿಸ್ತಪೂರ್ವ 300ರ ಸುಮಾರಿಗೆ ಗ್ರೀಸ್ ದೇಶದ ಅಥೆನ್ಸ್ ನಗರದಲ್ಲಿ ಝೀನೋ ಎಂಬ ಜ್ಞಾನಿ ಚಿತ್ರ ಬರೆದ ಒಂದು ಪಡಸಾಲೆಯಲ್ಲಿ ಬೋಧಿಸುತ್ತಿದ್ದ. ಪಡಸಾಲೆಗೆ ಅವರ ಭಾಷೆಯಲ್ಲಿ ಸ್ಟೋವಾ ಎನ್ನುತ್ತಾರೆ. ಆದ್ದರಿಂದ ಆ ಪಂಥದವರು ಸ್ಟೋಯಿಕರೆನಿಸಿಕೊಂಡರು. ಸುಖದುಃಖಗಳಿಗೆ ಅಲುಗದ ಕಲ್ಲೆದೆಯವರು ಇವರೆಂದು ಬಹಳ ಮಂದಿ ತಿಳಿದಿದ್ದಾರೆ. ಅದು ಅರ್ಧ ಮಾತು. ಗುಲಾಮನಾಗಿ ಬಾಳಿದ ಎಪಿಕ್ಟೆಟಸ್, ಕ್ರಿ.ಶ. 161ರಿಂದ 180ರವರೆಗೆ ರೋಮನ್ನಾಳಿದ ಚಕ್ರವರ್ತಿ ಮಾರ್ಕಸ್ ಅರೇಲಿಯಸ್, ಇಬ್ಬರೂ ಈ ಪಂಥದವರೇ. ಮನುಷ್ಯರೆಲ್ಲರೂ ಒಂದೇ ದೇಹದ ಕೈಕಾಲುಗಳಿದ್ದಂತೆ ಎಂಬುದು ಆ ಚಕ್ರವರ್ತಿಯ ನಂಬುಗೆ.

ಎರಡನೆಯ ಶತಮಾನದ ಹಿಯರೋಕ್ಲಿಸ್ ಎಂಬಾತ ಇದನ್ನು ಚಕ್ರದೊಳಗೆ ಚಕ್ರ ಬರೆದಂತೆ ವಿವರಿಸಿದ. ನಟ್ಟನಡುವೆ ನಾನು. ಸುತ್ತ ತಾಯಿತಂದೆ, ಒಡಹುಟ್ಟಿದವರು, ಹೆಂಡತಿ ಮಕ್ಕಳು. ಅದರಾಚೆ ಬಂಧುಬಳಗ, ಊರು, ನಾಡು. ಕಟ್ಟಕಡೆಗೆ ಸಮಸ್ತ ಮಾನವಕುಲ. ಹೊರಚಕ್ರದವರನ್ನು ಒಂದೊಂದೇ ಸುತ್ತು ಒಳಗೆ ಕರೆದುಕೊಳ್ಳಬೇಕು ಎಂದ. ಹೇಗೆ? ತಂದೆತಾಯಿಯ ಒಡಹುಟ್ಟಿದವರನ್ನು ಅಪ್ಪ, ಅಮ್ಮ ಎಂದೂ ಅವರ ಮಕ್ಕಳನ್ನು ಅಣ್ಣತಮ್ಮ ಎಂದೂ ಕರೆಯಿರಿ ಎಂದ.

ಕನ್ನಡಿಗನಿಗೆ ಇದನ್ನು ಕೇಳಿ ನಗು ಬಂದೀತು. ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ ಎಂದು ನಾವು ತೊಟ್ಟಿಲಲ್ಲೇ ಕಲಿತವರು! ಬಸವನಿಗೆ ಅಣ್ಣ, ಮಹಾದೇವಿಗೆ ಅಕ್ಕ ಎಂದವರು. ಸೊಪ್ಪು ಮಾರುವ ಮುದುಕಿಯೂ ನಮಗೆ ಅಜ್ಜಿಯೇ. ಈಗ ಅಂಕಲ್, ಆಂಟಿ ಬಂದು ಎಲ್ಲವನ್ನೂ ನುಂಗುತ್ತಿವೆ, ಅದಿರಲಿ.

ಬಾಯಲ್ಲಿ ಅಣ್ಣ ಎಂದರಾಯಿತೇ? ವಿಜಯನಗರದ ಮನೆಯಲ್ಲಿ ನಲ್ಲಿ ತಿರುಗಿಸುತ್ತೀರಿ. ಆ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ ಏರಿ ಬರುತ್ತದೆ. 1974ರಿಂದ ಹೀಗೆ ಬರುತ್ತಿದೆ. ಬರುವಾಗ ಎಲ್ಲರಿಗೂ ನೆನಪು. ಬಾರದ ದಿನ ಇನ್ನೂ ಹೆಚ್ಚು ನೆನಪು. ಹೋಗುವಾಗ? ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟಿದಳೆಂದು ಹಿರಿಯರು ಹೇಳುವ ವೃಷಭಾವತಿಯಲ್ಲಿ ನಮ್ಮ ಬಚ್ಚಲು, ಕಾರ್ಖಾನೆಗಳ ಕೊಳೆಯೆಲ್ಲ ಸೇರಿ, ಕೆಂಗೇರಿಯನ್ನು ದಾಟಿ, ಬಿಡದಿಯ ಹತ್ತಿರದ ಭೈರಮಂಗಲದ ಕೆರೆಗೆ ನೊರೆಯಾಗಿ ಇಳಿಯುತ್ತದೆ. ಕೆಂಗೇರಿ ಸೇತುವೆಯ ಮೇಲೆ ನಾವು ಮೂಗು ಮುಚ್ಚಿಕೊಳ್ಳುತ್ತೇವೆ. ಭೈರಮಂಗಲದ ರೈತ ಆ ನೀರನ್ನು ಹೊಲಕ್ಕೆ ಹಾಯಿಸಿದ್ದಾನೆ. ಅವನು ನಮ್ಮ ಎಷ್ಟನೆಯ ಚಕ್ರದವನು?

ಅಲ್ಲಿಂದ ಆ ನೀರು ಅರ್ಕಾವತಿಯನ್ನು ಕೂಡಿ, ಕನಕಪುರದಾಚೆಯ ಸಂಗಮದಲ್ಲಿ ಮತ್ತೆ ಕಾವೇರಿಗೇ ಸೇರುತ್ತದೆ. ಇನ್ನೂ ಕೆಳಗೆ, ಹೊಗೇನಕಲ್ಲಿನಲ್ಲಿ ಎತ್ತಿದ ಕಾವೇರಿಯನ್ನು ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ತಾಯಂದಿರು ಕೊಡಗಳಿಗೆ ತುಂಬಿಕೊಳ್ಳುತ್ತಾರೆ. ಆ ಸೀಮೆಯಲ್ಲಿ ಕನ್ನಡ ಮಾತನಾಡುವ ಮನೆಗಳೂ ಉಂಟು. ಅಲ್ಲಿಯ ಮಕ್ಕಳೂ ದೊಡ್ಡಪ್ಪ, ಚಿಕ್ಕಪ್ಪ ಎಂದೇ ಕರೆಯುತ್ತಾರೆ.