ಹತ್ತು ನಿಮಿಷದ ಪಟ್ಟಿ

ಎಚ್‌ಐವಿ ಇರುವವರಿಗೆ ವಾರಗಟ್ಟಲೆ ಬಿಡದ ತಲೆನೋವು ಬಂದರೆ ಅದನ್ನು ಹಗುರವಾಗಿ ಎಣಿಸಬಾರದು. ಕಾಪುವಿನಲ್ಲೋ ಕಾರ್ಕಳದಲ್ಲೋ ಮಾತ್ರೆ ನುಂಗಿ ದಿನ ದೂಡಿದವರು ಮಂಪರು ಕವಿದ ಮೇಲೆ ಮಣಿಪಾಲದ ಆಸ್ಪತ್ರೆಗೆ ಬಂದರೆ, ಅಷ್ಟರಲ್ಲಿ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಮೆದುಳಿನ ಪೊರೆಯಲ್ಲಿ ಬೀಡುಬಿಟ್ಟಿರಬಹುದು. ಮಣ್ಣಿನಲ್ಲಿ, ಪಾರಿವಾಳದ ಹಿಕ್ಕೆಯಲ್ಲಿ ಇರುವ ಇದು ಉಸಿರಿನ ಮೂಲಕ ಒಳಸೇರುತ್ತದೆ. ರೋಗಿಯ ಪಕ್ಕದಲ್ಲಿ ಕೂತವರಿಗೆ ಹರಡುವುದಿಲ್ಲ.

ಮನುಷ್ಯನಲ್ಲಿ ಇದನ್ನು 1894ರಲ್ಲಿ ಮೊದಲು ಗುರುತಿಸಿದವರು ಜರ್ಮನಿಯ ಬುಸ್ಸೆ ಮತ್ತು ಬುಷ್ಕೆ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದಾಗಲೂ ಈ ಕಾಯಿಲೆಗೆ ನೆಚ್ಚುವಂಥ ಔಷಧ ಇರಲಿಲ್ಲ. ಆಂಫೊಟೆರಿಸಿನ್ ಬಂದದ್ದು ಆ ದಶಕದ ಕೊನೆಗೆ.

ಪತ್ತೆಗೆ ಇದ್ದದ್ದು ಇಂಡಿಯಾ ಇಂಕ್. ಬೆನ್ನಿನ ನೀರಿನ, ಅಂದರೆ ಮೆದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವದ, ಹನಿಗೆ ಆ ಕಪ್ಪು ಶಾಯಿ ಬೆರೆಸಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಚಂದ್ರನ ಸುತ್ತ ಕಟ್ಟುವ ಬೆಳಕಿನ ಬಳೆಯ ಹಾಗೆ ಶಿಲೀಂಧ್ರದ ಕವಚ ಬೆಳ್ಳಗೆ ಕಾಣುತ್ತದೆ. ಅಗ್ಗದ, ಚೆಲುವಾದ ವಿಧಾನ. ಆದರೆ ಶಿಲೀಂಧ್ರ ಕಡಿಮೆ ಇದ್ದರೆ ಪಳಗಿದ ಕಣ್ಣಿಗೂ ತಪ್ಪಿಹೋಗುತ್ತದೆ. ಲ್ಯಾಬಿನಲ್ಲಿ ಶಿಲೀಂಧ್ರವನ್ನು ಬೆಳೆಸಿ ನೋಡುವ ಕಲ್ಚರ್‌ಗೆ ದಿನಗಟ್ಟಲೆ ಕಾಯಬೇಕು. 1960ರ ದಶಕದ ಲೇಟೆಕ್ಸ್ ಪರೀಕ್ಷೆ ಕವಚದ ಸಕ್ಕರೆಯಂಶವನ್ನೇ ಹಿಡಿಯಿತು, ಆದರೆ ಲ್ಯಾಬು ಬಿಟ್ಟು ಹೊರಗೆ ಬರಲಿಲ್ಲ.

ಹೀಗಿರುವಾಗಲೇ 1986ರಲ್ಲಿ ಚೆನ್ನೈನ ಡಾ. ಸುನೀತಿ ಸೊಲೊಮನ್ ಅವರ ತಂಡ ನಮ್ಮ ದೇಶದಲ್ಲಿ ಎಚ್‌ಐವಿಯನ್ನು ಪತ್ತೆಹಚ್ಚಿತು. ಹತ್ತು ವರ್ಷದೊಳಗೆ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಎಚ್‌ಐವಿಯ ಜೊತೆ ಬರುವ ಈ ಮೆದುಳಿನ ಪೊರೆಯ ಸೋಂಕಿನ (ಮೆನಿಂಜೈಟಿಸ್) ಬಗ್ಗೆ ಬರೆಯತೊಡಗಿದ್ದರು.

ಕವಚದ ಆ ಸಕ್ಕರೆಯಂಶವನ್ನೇ ಹಿಡಿಯುವ, ಅಮೆರಿಕದಲ್ಲಿ 2011ರಲ್ಲಿ ಮಂಜೂರಾದ ಕಾಗದದ ಪಟ್ಟಿ ರೋಗಿಯ ಮಂಚದ ಪಕ್ಕಕ್ಕೇ ಬಂತು. ಬೆನ್ನಿನ ನೀರೋ ರಕ್ತವೋ ಒಂದು ಹನಿ ಸಾಕು, ಫ್ರಿಜ್ಜು ಬೇಡ. ಹತ್ತು ನಿಮಿಷದಲ್ಲಿ ಎರಡು ಗೆರೆ ಮೂಡಿದರೆ ಸೋಂಕು ಇದೆ. ನನಗೆ ಇದಕ್ಕಿಂತ ದೊಡ್ಡದೆನಿಸುವುದು ಇನ್ನೊಂದು ಸಂಗತಿ. ಉಗಾಂಡಾದ ಅಧ್ಯಯನವೊಂದರಲ್ಲಿ, ತಲೆನೋವು ಶುರುವಾಗುವ ಸುಮಾರು ಮೂರು ವಾರ ಮೊದಲೇ ರಕ್ತದಲ್ಲಿ ಕವಚದ ಈ ಕುರುಹು ಸಿಕ್ಕಿತ್ತು. ಅದಕ್ಕೇ ರೋಗನಿರೋಧಕ ಜೀವಕೋಶಗಳ ಸಿಡಿ4 ಎಣಿಕೆ 100ಕ್ಕಿಂತ ಕೆಳಗಿಳಿದವರಿಗೆ, ಯಾವ ತೊಂದರೆ ಇಲ್ಲದಿದ್ದರೂ, ಈ ಪರೀಕ್ಷೆ ಮಾಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಔಷಧ ನಡುವೆ ಬಿಟ್ಟು ಮರಳಿ ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರಕ್ಕೆ ಬಂದವರು ದಯವಿಟ್ಟು ಇದನ್ನು ಕೇಳಿ ಮಾಡಿಸಿಕೊಳ್ಳಿ.

ರಕ್ತದಲ್ಲಿ ಗೆರೆ ಮೂಡಿ ತಲೆನೋವೂ ಇದ್ದರೆ ಬೆನ್ನಿನ ನೀರು ತೆಗೆಯಲೇಬೇಕು. ಸೂಜಿ ಹಾಕಿದರೆ ಕಾಲು ಬಿದ್ದುಹೋಗುತ್ತದೆಂದು ಹೆದರಿ ಮನೆಯವರು ಸಹಿ ಹಾಕಲು ಹಿಂಜರಿಯುತ್ತಾರೆ. ಆದರೆ ಸೂಜಿ ಚುಚ್ಚುವುದು ಬೆನ್ನುಹುರಿ ಮುಗಿದ ಕೆಳಭಾಗದಲ್ಲಿ. ಈ ಕಾಯಿಲೆಯಲ್ಲಿ ತಲೆಯೊಳಗಿನ ಒತ್ತಡ ಏರುತ್ತದೆ, ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಆ ನೀರು ತೆಗೆದರೆ ಒತ್ತಡ ಇಳಿಯುತ್ತದೆ. ವೈದ್ಯರು ಎರಡನೆಯ ಸಲ, ಮೂರನೆಯ ಸಲ ಕೇಳಿದರೂ ಒಪ್ಪಿಕೊಳ್ಳಿ.