ಟೋಳಿಯವರಿಗೊಂದು ಮನೆ



ನಮ್ಮ ಗಟ್ಟಿಗೆ ಕಬ್ಬು ಕಡಿಯಲು ಬರುವ ಜತ್ತ ತಾಲೂಕಿನ ಒಂದು ಕುಟುಂಬಕ್ಕೆ ಹಂಗಾಮಿನಲ್ಲಿ ನಿಮ್ಮ ಹೊಲದ ರವದಿಯ ಕೊಪ್ಪಿ, ಉಳಿದ ತಿಂಗಳು ಅಣ್ಣನ ಪಡಸಾಲೆ. 2016ರಲ್ಲಿ ಪ್ರಧಾನಮಂತ್ರಿ ಘರಕುಲ ಯೋಜನೆ ಬಂತು. ಬಯಲು ಭಾಗದ ಮನೆಗೆ 1,20,000 ರೂಪಾಯಿ. ಪಟ್ಟಿಯಲ್ಲಿ ಇವರ ಹೆಸರಿಲ್ಲ. ಇರುವುದಾದರೂ ಹೇಗೆ? ಜನವರಿ 26ರ ಗ್ರಾಮಸಭೆ ಗಾಳಪದ ನಟ್ಟನಡುವೆ ಬೀಳುತ್ತದೆ!

2018-19ರಲ್ಲಿ ಬಿಟ್ಟುಹೋದವರ ಹೆಸರು ಬರೆದುಕೊಳ್ಳುವಾಗ ಹೊಲದ ಯಜಮಾನರು ಮುಕಾದಮನಿಗೆ ಹೇಳಿ ಗಂಡನನ್ನು ಎರಡು ದಿನ ಊರಿಗೆ ಕಳಿಸಿದರು. ಕಬ್ಬೇನೂ ಒಣಗಲಿಲ್ಲ. ಮಂಜೂರಿಗೆ ಮತ್ತೆ ವರ್ಷಗಳೇ ಹಿಡಿದವು, ಆ ಮಾತು ಬೇರೆ. ಅಣ್ಣ ಕೊಟ್ಟ ಜಾಗದಲ್ಲಿ ಮನೆ ಎದ್ದಿತು. ಈಗ ಮಕ್ಕಳು ಕೊಪ್ಪಿಗೆ ಬರುವುದಿಲ್ಲ. ಅಜ್ಜಿಯ ಹತ್ತಿರ ಇದ್ದು ಶಾಲೆ ಕಲಿಯುತ್ತಾರೆ.

ಬರುವ ಜನವರಿಯಲ್ಲಿ ನಿಮ್ಮ ಟೋಳಿಯವರನ್ನೂ ಕೇಳಿರಿ, ಗ್ರಾಮಸಭೆಗೆ ಯಾರನ್ನು ಕಳಿಸಬೇಕೆಂದು.